ಅಪ್ಪನ ವೆಂಟಿಲೇಟರ್ ತೆಗೆಸಿದೆವು. ಅದು ಕೊಲೆಯೇ?

ಪ್ರಶ್ನೆ: ನಮ್ಮ ತಂದೆಗೆ 79 ವರ್ಷ. ಕಳೆದ ವರ್ಷ ಮೆದುಳಿನಲ್ಲಿ ರಕ್ತಸ್ರಾವವಾಗಿ ಐಸಿಯು ಸೇರಿದರು. 16 ದಿನ ವೆಂಟಿಲೇಟರ್‌ನಲ್ಲಿದ್ದರು, ಎಚ್ಚರ ಬರಲೇ ಇಲ್ಲ. ಎರಡು ಸಲ ಡಾಕ್ಟರುಗಳ ತಂಡ ಬಂದು ನೋಡಿ, ಇನ್ನು ಚೇತರಿಕೆ ಇಲ್ಲ ಎಂದು ಬರೆದುಕೊಟ್ಟರು. ನಾನೂ ಅಮ್ಮನೂ ಒಪ್ಪಿ ವೆಂಟಿಲೇಟರ್ ತೆಗೆಸಿದೆವು. 40 ನಿಮಿಷದಲ್ಲಿ ಹೋದರು. ತಂಗಿ ಆವತ್ತು ಊರಲ್ಲಿರಲಿಲ್ಲ. ಈಗಲೂ 'ನೀವೇ ಅಪ್ಪನನ್ನು ಕೊಂದಿರಿ' ಎನ್ನುತ್ತಾಳೆ. ನಾವು ಮಾಡಿದ್ದು ದಯಾಮರಣವೇ? ಹೊರದೇಶಗಳಲ್ಲಿ ಇಂಜೆಕ್ಷನ್ ಕೊಟ್ಟೇ ಕಳಿಸುತ್ತಾರಂತೆ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ನಮ್ಮಲ್ಲೂ ಅದು ಬರಬೇಕಾ? ಅಮ್ಮನಿಗೆ ಈಗ 74. 'ನನಗೆ ಆ ಪೈಪೆಲ್ಲ ಹಾಕಬೇಡಿ' ಅಂತ ದಿನಾ ಹೇಳುತ್ತಾರೆ. ಅದನ್ನು ಬರೆದಿಡಬಹುದೇ?

ಉತ್ತರ: ನಿಮಗೆ ಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ನಿಮ್ಮ ತಂದೆಯನ್ನು ಕೊಂದಿಲ್ಲ. ನೀವು ಬರೆದ ರೀತಿಯಲ್ಲೇ ನಡೆದಿದ್ದರೆ ಕಾನೂನಿನ ಲೆಕ್ಕದಲ್ಲೂ ಅದು ಕೊಲೆಯಲ್ಲ, ನನ್ನ ಲೆಕ್ಕದಲ್ಲೂ ಅಲ್ಲ.

ಅಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ತಂಗಿಗೆ ಅನ್ಯಾಯವಾಗುತ್ತದೆ. ಅವರು ಕೇಳುತ್ತಿರುವುದು ದಡ್ಡ ಪ್ರಶ್ನೆಯಲ್ಲ. ಮಿಷನ್ ತೆಗೆಯುವ ಮುಂಚೆ ಅಪ್ಪ ಉಸಿರಾಡುತ್ತಿದ್ದರು. ತೆಗೆದ ಮೇಲೆ ಹೋದರು. ಹಾಗಾದರೆ ತೆಗೆದಿದ್ದರಿಂದಲೇ ಹೋದರು ಅಲ್ವಾ? ಐವತ್ತು ವರ್ಷದಿಂದ ಜಡ್ಜ್‌ಗಳು, ಡಾಕ್ಟರುಗಳು, ತತ್ವಶಾಸ್ತ್ರದ ಮೇಷ್ಟ್ರುಗಳು ಇದನ್ನೇ ಹಿಡಿದು ಜಗಳವಾಡುತ್ತಿದ್ದಾರೆ. ನಾನು ಪ್ಯಾಲಿಯೇಟಿವ್ ಕೇರ್ ಡಾಕ್ಟರು. ಗುಣವಾಗದ ಕಾಯಿಲೆ ಇರುವವರ ನೋವು, ಉಬ್ಬಸ, ಭಯ ಕಡಿಮೆ ಮಾಡುವುದು ನನ್ನ ಕೆಲಸ. ಇಪ್ಪತ್ತು ವರ್ಷದಲ್ಲಿ ನಿಮ್ಮ ತಂಗಿಯ ಮಾತನ್ನು ಎಷ್ಟೋ ಐಸಿಯುಗಳ ಹೊರಗಿನ ಬೆಂಚಿನ ಮೇಲೆ ಕೇಳಿದ್ದೇನೆ.

ಗೊಂದಲಕ್ಕೆ ಅರ್ಧ ಕಾರಣ 'ದಯಾಮರಣ' ಎಂಬ ಪದ. ಮೂರು ಬೇರೆ ಬೇರೆ ಕೆಲಸಗಳಿಗೆ ನಾವು ಒಂದೇ ಹೆಸರಿಟ್ಟು ಕೂತಿದ್ದೇವೆ. ಡಾಕ್ಟರೇ ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು ಒಂದು. ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಕೆನಡಾ, ಸ್ಪೇನ್‌ಗಳಲ್ಲಿ ಇದಕ್ಕೆ ಕಾನೂನಿದೆ. ಡಾಕ್ಟರು ಔಷಧಿ ಬರೆದುಕೊಟ್ಟು, ರೋಗಿ ಅದನ್ನು ತಾನೇ ತೆಗೆದುಕೊಳ್ಳುವುದು ಇನ್ನೊಂದು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಇದು 1997ರಿಂದ ನಡೆಯುತ್ತಿದೆ. ಸ್ವಿಟ್ಜರ್ಲೆಂಡಿನಲ್ಲಿ, ನೆರವು ಕೊಟ್ಟವನಿಗೆ ಸ್ವಂತ ಲಾಭದ ಉದ್ದೇಶ ಇಲ್ಲದಿದ್ದರೆ ಅಪರಾಧವಲ್ಲ ಎಂಬ ನಿಯಮ 1942ರಿಂದಲೇ ಇದೆ. ಮೂರನೆಯದು, ಫಲ ಕೊಡದ ಚಿಕಿತ್ಸೆ ನಿಲ್ಲಿಸಿ ಕಾಯಿಲೆಯನ್ನು ಅದರ ದಾರಿಗೆ ಬಿಡುವುದು. ನಿಮ್ಮ ಮನೆಯಲ್ಲಿ ನಡೆದಿದ್ದು ಇದು. ಪತ್ರಿಕೆಗಳು ಇದನ್ನು 'ನಿಷ್ಕ್ರಿಯ ದಯಾಮರಣ' ಎಂದು ಬರೆಯುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2018ರಲ್ಲಿ ಪದಗಳ ಪಟ್ಟಿ ಮಾಡಿದಾಗ, ಆ ಹೆಸರು ದಾರಿ ತಪ್ಪಿಸುತ್ತದೆ, ಬಳಸಬೇಡಿ ಎಂದೇ ಹೇಳಿತು. ಡಾಕ್ಟರುಗಳಾದ ನಾವೂ ಅದನ್ನು ಬಿಟ್ಟಿದ್ದೇವೆ.

ನಮ್ಮ ದೇಶದಲ್ಲಿ ಈ ಚರ್ಚೆ ಶುರುವಾಗಿದ್ದು ಉತ್ತರ ಕನ್ನಡದ ಒಬ್ಬ ಹೆಣ್ಣುಮಗಳಿಂದ. ಅರುಣಾ ಶಾನಭಾಗ್ ಹೊನ್ನಾವರದ ಹತ್ತಿರದ ಹಳದೀಪುರದವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿ ಕಟ್ಟುವ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಅವರ ಮೇಲೆ ದೌರ್ಜನ್ಯ ಮಾಡಿದ. ಮೆದುಳಿಗೆ ಆಮ್ಲಜನಕ ಸಿಗಲಿಲ್ಲ. ಆಮೇಲೆ ಸುಮಾರು 42 ವರ್ಷ ಅವರು ಹಾಸಿಗೆಯಲ್ಲೇ ಇದ್ದರು. ಪತ್ರಕರ್ತೆ ಪಿಂಕಿ ವಿರಾನಿ, ಆಹಾರ ನಿಲ್ಲಿಸಿ ಅವರನ್ನು ಹೋಗಲು ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಕೆಇಎಂನ ನರ್ಸ್‌ಗಳು ಖಡಾಖಂಡಿತವಾಗಿ ವಿರೋಧಿಸಿದರು. ಒಂದು ಬ್ಯಾಚಿನವರು ನಿವೃತ್ತರಾಗಿ ಇನ್ನೊಂದು ಬ್ಯಾಚಿನವರು ಬಂದರೂ ಅರುಣಾ ಅವರನ್ನು ತೊಳೆದು, ಮಗ್ಗುಲು ಬದಲಿಸಿ, ಉಣಿಸುತ್ತಾ ಬಂದಿದ್ದರು. ಅಷ್ಟು ವರ್ಷ ಮಲಗಿದ್ದರೂ ಬೆನ್ನಿನಲ್ಲಿ ಹುಣ್ಣಾಗಲು ಬಿಟ್ಟಿರಲಿಲ್ಲ. ಹಾಸಿಗೆ ಹಿಡಿದವರನ್ನು ಒಂದು ತಿಂಗಳು ನೋಡಿಕೊಂಡಿದ್ದರೂ ಸಾಕು, ಅದು ಎಂಥ ಕೆಲಸ ಅಂತ ಗೊತ್ತಾಗುತ್ತದೆ.

2011ರ ಮಾರ್ಚ್ 7ರಂದು ತೀರ್ಪು ಬಂತು. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರ ಪೀಠ ಪಿಂಕಿ ವಿರಾನಿಯವರ ಅರ್ಜಿ ಒಪ್ಪಲಿಲ್ಲ. ಅರುಣಾ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ಅವರನ್ನು ನೋಡಿಕೊಂಡವರದ್ದು ಎಂದಿತು. ಆದರೆ ಅದೇ ತೀರ್ಪು, ಇಂಥ ಸ್ಥಿತಿಯಲ್ಲಿ ಹೈಕೋರ್ಟಿನ ಅನುಮತಿ ಪಡೆದು ಜೀವಾಧಾರ ಚಿಕಿತ್ಸೆ ನಿಲ್ಲಿಸಬಹುದು ಎಂದೂ ಹೇಳಿತು. ಯಾರಿಗಾಗಿ ಕೇಸು ಹಾಕಿದರೋ ಅವರಿಗೆ ಸಿಗದ ಹಕ್ಕು ದೇಶಕ್ಕೆಲ್ಲ ಸಿಕ್ಕಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಈ ಕಥೆ ಹೇಳಿದ್ದಕ್ಕೆ ಕಾರಣವಿದೆ. ಪಿಂಕಿ ವಿರಾನಿ ಮತ್ತು ಆ ನರ್ಸ್‌ಗಳು, ಇಬ್ಬರಲ್ಲಿ ಯಾರಿಗೆ ಪ್ರೀತಿ ಕಡಿಮೆ ಇತ್ತು? ನನಗಂತೂ ಹೇಳಲು ಆಗುವುದಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಆಗಿದೆ. ನೀವು 16 ದಿನ ಆ ಮಂಚದ ಪಕ್ಕ ಇದ್ದಿರಿ. ತಂಗಿ ಇರಲಿಲ್ಲ. ಅವರ ನೆನಪಿನಲ್ಲಿ ಅಪ್ಪ ಇನ್ನೂ ಕೊನೆಯ ಫೋನಿನಲ್ಲಿ ಮಾತಾಡಿದ ಅಪ್ಪ.

ಕಾನೂನು ಆಮೇಲೆ ಇನ್ನೂ ಮುಂದೆ ಬಂದಿದೆ. ಕಾಮನ್ ಕಾಸ್ ಎಂಬ ಸಂಸ್ಥೆ 2005ರಲ್ಲಿ ಹಾಕಿದ್ದ ಅರ್ಜಿಗೆ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿತು. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗ ಎಂದಿತು. ಇಂಜೆಕ್ಷನ್ ಕೊಡುವುದು ಮಾತ್ರ ಅಪರಾಧವಾಗಿಯೇ ಉಳಿಯಿತು. ಆಗ ಹಾಕಿದ ನಿಯಮಗಳು ಎಷ್ಟು ಬಿಗಿ ಇದ್ದವೆಂದರೆ ಯಾರೂ ಬಳಸಲು ಆಗುತ್ತಿರಲಿಲ್ಲ. 2023ರ ಜನವರಿಯಲ್ಲಿ ಕೋರ್ಟು ಅವುಗಳನ್ನು ಸಡಿಲ ಮಾಡಿತು. ಈಗ ಆಸ್ಪತ್ರೆಯಲ್ಲಿ ಮೂವರು ಡಾಕ್ಟರುಗಳ ಮೊದಲ ಮಂಡಳಿ ನೋಡುತ್ತದೆ. ಆಮೇಲೆ ಬೇರೆ ಮೂವರ ಎರಡನೇ ಮಂಡಳಿ ನೋಡುತ್ತದೆ. ಅದರಲ್ಲಿ ಒಬ್ಬರು ಜಿಲ್ಲೆಯ ವೈದ್ಯಾಧಿಕಾರಿ ನೇಮಿಸಿದವರು. ಕುಟುಂಬ ಒಪ್ಪಬೇಕು. ಚಿಕಿತ್ಸೆ ನಿಲ್ಲಿಸುವ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿ ಮಾಡಲು ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಅರ್ಜಿ ಬರೆಯುತ್ತಾ ಬಂದಿದ್ದರು. ನಿಮ್ಮ ತಂದೆಯನ್ನು ಎರಡು ತಂಡ ಬಂದು ನೋಡಿದ್ದೂ ಬಹುಶಃ ಈ ನಿಯಮದ ಪ್ರಕಾರವೇ.

ಕಾನೂನು ಹೇಳಿದ್ದೆಲ್ಲ ಧರ್ಮವೂ ಆಗಬೇಕಿಲ್ಲ. ಆದ್ದರಿಂದ ತಂಗಿಯ ಪ್ರಶ್ನೆಗೆ ವಾಪಸ್ ಬರುತ್ತೇನೆ.

ಅವರ ವಾದವನ್ನು ತುಂಬ ಚೂಪಾಗಿ ಮಂಡಿಸಿದವರು ಅಮೆರಿಕದ ತತ್ವಶಾಸ್ತ್ರಜ್ಞ ಜೇಮ್ಸ್ ರೇಚಲ್ಸ್. 1975ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಉದಾಹರಣೆ ಕೊಟ್ಟರು. ಆಸ್ತಿಯ ಆಸೆಗೆ ಒಬ್ಬ ತನ್ನ ಕಸಿನ್ ಆದ ಆರು ವರ್ಷದ ಹುಡುಗನನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಇನ್ನೊಬ್ಬನೂ ಅದೇ ಉದ್ದೇಶದಿಂದ ಒಳಗೆ ಹೋಗುತ್ತಾನೆ. ಅಷ್ಟರಲ್ಲಿ ಹುಡುಗ ತಾನೇ ಜಾರಿ ಬಿದ್ದು ನೀರಿನಲ್ಲಿ ಮುಳುಗುತ್ತಾನೆ. ಇವನು ಸುಮ್ನೆ ನಿಂತು ನೋಡುತ್ತಾನೆ. ಒಬ್ಬ ಕೊಂದ, ಇನ್ನೊಬ್ಬ ಸಾಯಲು ಬಿಟ್ಟ. ಇಬ್ಬರಲ್ಲಿ ಯಾರು ವಾಸಿ? ಇಬ್ಬರೂ ಒಂದೇ. ಹಾಗಾದರೆ ಕೊಲ್ಲುವುದಕ್ಕೂ ಸಾಯಲು ಬಿಡುವುದಕ್ಕೂ ನೀತಿಯಲ್ಲಿ ವ್ಯತ್ಯಾಸವಿಲ್ಲ ಎಂದರು ರೇಚಲ್ಸ್. ನಿಮ್ಮ ತಂಗಿ ಇದರಿಂದ 'ಎರಡೂ ತಪ್ಪು' ಎನ್ನುವ ಕಡೆ ಹೋಗುತ್ತಾರೆ. ರೇಚಲ್ಸ್ ಹೋಗಿದ್ದು ಉಲ್ಟಾ ಕಡೆ. ಬಿಡುವುದು ಸರಿ ಅಂತಾದರೆ ಇಂಜೆಕ್ಷನ್ ಕೊಡುವುದೂ ಸರಿ, ಕೆಲವೊಮ್ಮೆ ಅದೇ ಕರುಣೆ ಎಂದರು.

ಈ ಉದಾಹರಣೆ ಓದಿದ ಮೇಲೆ ಬಹಳ ದಿನ ನನ್ನ ತಲೆ ಕೊರೆಯುತ್ತಿತ್ತು. ಕೊನೆಗೆ ನನಗೆ ಹೊಳೆದಿದ್ದು ಇಷ್ಟು. ಆ ತೊಟ್ಟಿಯ ಹುಡುಗನನ್ನು ಎತ್ತಿದ್ದರೆ ಬದುಕುತ್ತಿದ್ದ, ನಾಳೆ ಸ್ಕೂಲಿಗೆ ಹೋಗುತ್ತಿದ್ದ. ನಿಮ್ಮ ತಂದೆಯನ್ನು ಎತ್ತುವ ಕೈ ಯಾರ ಬಳಿಯೂ ಇರಲಿಲ್ಲ. 16 ದಿನ ಎತ್ತಲು ನೋಡಿದರು, ಆಗಲಿಲ್ಲ. ವೆಂಟಿಲೇಟರ್ ಗುಣ ಮಾಡುವ ಯಂತ್ರವಲ್ಲ. ದೇಹ ಸುಧಾರಿಸಿಕೊಳ್ಳಲಿ ಅಂತ ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೇ. ಸುಧಾರಿಸುವುದಿಲ್ಲ ಎಂದು ಖಚಿತವಾದ ಮೇಲೆ ಅದು ಕೊಡುವ ಸಮಯ ಯಾರಿಗೆ?

ಇನ್ನೊಂದು ಮಾತನ್ನು ತಂಗಿಗೆ ಹೇಳಿ. 'ಹಾಕದೇ ಇದ್ದಿದ್ದರೆ ಪರವಾಗಿಲ್ಲ, ಹಾಕಿ ತೆಗೆದದ್ದು ತಪ್ಪು' ಅಂತ ಎಷ್ಟೋ ಜನ ಹೇಳುತ್ತಾರೆ. ಮನಸ್ಸಿಗೆ ಹಾಗನಿಸುವುದು ಸಹಜ. ಆದರೆ ಹಾಕಿದ್ದನ್ನು ತೆಗೆಯಲೇಬಾರದು ಎಂದಾದರೆ ಏನಾಗುತ್ತದೆ ನೋಡಿ. ಸಂಶಯವಿರುವ ರೋಗಿಗೆ ಹಾಕಲು ಡಾಕ್ಟರೇ ಹೆದರುತ್ತಾರೆ, ಕುಟುಂಬವೂ ಹೆದರುತ್ತದೆ. ಆಗ ಬದುಕಬಹುದಾಗಿದ್ದವರೂ ಹೋಗುತ್ತಾರೆ. ಹತ್ತು ದಿನ ನೋಡೋಣ, ಆಗದಿದ್ದರೆ ನಿಲ್ಲಿಸೋಣ ಎನ್ನಲು ಅವಕಾಶ ಇದ್ದರೇ ಪ್ರಯತ್ನ ಮಾಡಲು ಧೈರ್ಯ ಬರುವುದು. ನೀವು ಪ್ರಯತ್ನ ಮಾಡಿದಿರಿ.

ತೆಗೆಯುವ ಮುಂಚೆ ನಿಮ್ಮ ತಂದೆಗೆ ಮಾರ್ಫಿನ್ ಎಂಬ ನೋವಿನ ಔಷಧಿ ಕೊಟ್ಟಿರುತ್ತಾರೆ. ಇದರ ಮೇಲೂ ಮುಂದೆ ಯಾವತ್ತಾದರೂ ಅನುಮಾನ ಬರಬಹುದು, ಈಗಲೇ ಹೇಳುತ್ತೇನೆ. ಉಸಿರಿನ ಒದ್ದಾಟ ಕಡಿಮೆಯಾಗಲಿ ಅಂತ ಕೊಡುವ ಡೋಸ್ ಅದು. ಆ ಪ್ರಮಾಣ ಸಾವನ್ನು ತರುವಂಥದ್ದಲ್ಲ. ಒಂದು ವೇಳೆ ಉಸಿರು ಸ್ವಲ್ಪ ನಿಧಾನವಾದರೂ, ಉದ್ದೇಶ ಒದ್ದಾಟ ತಪ್ಪಿಸುವುದು. ಹದಿಮೂರನೇ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸರ ಕಾಲದಿಂದ ಈ ಭೇದವನ್ನು ಹೇಳುತ್ತಾ ಬಂದಿದ್ದಾರೆ. ಉದ್ದೇಶ ಬೇರೆ, ಜೊತೆಗೆ ಬರುವ ಪರಿಣಾಮ ಬೇರೆ. ಇದನ್ನು ಬರೀ ಪಂಡಿತರ ಜಾಣತನ ಎನ್ನುವವರಿದ್ದಾರೆ. ಡೋಸ್ ಚೀಟಿ ನೋಡಿದರೆ ಉದ್ದೇಶ ಏನಿತ್ತು ಅಂತ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ ಎಂಬುದು ನನ್ನ ಅನುಭವ.

ಈಗ ಇಂಜೆಕ್ಷನ್ ವಿಷಯ. ಇದು ಕಷ್ಟದ್ದು.

ನೆದರ್‌ಲ್ಯಾಂಡ್ಸ್‌ನಲ್ಲಿ ಈ ಚರ್ಚೆ ಶುರುವಾಗಿದ್ದೂ 1973ರಲ್ಲೇ, ಅಲ್ಲೂ ಒಂದು ಮನೆಯ ಕಥೆಯಿಂದಲೇ. ಖೆರ್ಟ್ರಾಯ್ಡಾ ಪೋಸ್ಟ್ಮಾ ಎಂಬ ಡಾಕ್ಟರು ನರ್ಸಿಂಗ್ ಹೋಮಿನಲ್ಲಿದ್ದ ತಮ್ಮ ಸ್ವಂತ ತಾಯಿಗೆ ಮಾರ್ಫಿನ್ ಕೊಟ್ಟು ಸಾಯಿಸಿದ್ದರು. ತಾಯಿಗೆ ಅರ್ಧ ದೇಹ ಬಿದ್ದುಹೋಗಿತ್ತು, ಕಿವಿ ಕೇಳುತ್ತಿರಲಿಲ್ಲ. ಬೀಳದ ಹಾಗೆ ಅವರನ್ನು ಕುರ್ಚಿಗೆ ಕಟ್ಟಿ ಕೂರಿಸುತ್ತಿದ್ದರು. ಸಾಕು, ಕಳಿಸು ಎಂದು ಮಗಳನ್ನು ಬೇಡುತ್ತಿದ್ದರು. ಕೋರ್ಟು ಅಪರಾಧ ಎಂದಿತು. ಶಿಕ್ಷೆ ಒಂದು ವಾರದ ಜೈಲು, ಅದನ್ನೂ ಅಮಾನತಿನಲ್ಲಿಟ್ಟಿತು. ಆಮೇಲೆ ಸುಮಾರು ಮೂವತ್ತು ವರ್ಷ ವಾದ ನಡೆದು 2002ರ ಏಪ್ರಿಲ್‌ನಲ್ಲಿ ಅಲ್ಲಿ ಕಾನೂನು ಜಾರಿಗೆ ಬಂತು. ಸಹಿಸಲಾಗದ ನರಳಾಟ ಇರಬೇಕು, ಸುಧಾರಿಸುವ ದಾರಿ ಇರಬಾರದು, ರೋಗಿ ತಾನೇ ಯೋಚಿಸಿ ಕೇಳಿರಬೇಕು, ಇನ್ನೊಬ್ಬ ಸ್ವತಂತ್ರ ಡಾಕ್ಟರು ನೋಡಿರಬೇಕು. ಇವು ಅಲ್ಲಿನ ಷರತ್ತುಗಳು.

ಪರ ಇರುವವರ ವಾದವನ್ನು ನಾನು ಹಗುರ ಮಾಡುವುದಿಲ್ಲ. ಬದುಕು ನನ್ನದು, ಹೇಗೆ ಬದುಕಬೇಕು ಅಂತ ನಾನೇ ನಿರ್ಧರಿಸಿದೆ. ಕೊನೆಯ ಅಧ್ಯಾಯ ಮಾತ್ರ ಡಾಕ್ಟರು ಬರೆಯಬೇಕಾ ಎನ್ನುತ್ತಾರೆ ಅವರು. ಆರೆಗಾನ್‌ನಲ್ಲಿ ಆ ಔಷಧಿ ಬರೆಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಅದನ್ನು ತೆಗೆದುಕೊಳ್ಳುವುದೇ ಇಲ್ಲ. ಬೀರುವಿನಲ್ಲಿ ಇದೆ ಅನ್ನುವ ಧೈರ್ಯದಲ್ಲೇ ಕೆಲವರು ಕೊನೆಯ ದಿನಗಳನ್ನು ಕಳೆಯುತ್ತಾರೆ. ಇದು ನನಗೆ ತುಂಬ ಯೋಚನೆಗೆ ಹಚ್ಚಿದ ಸಂಗತಿ. ಇನ್ನೊಂದು ಸಂಗತಿಯೂ ಅಲ್ಲಿನದೇ. ಯಾಕೆ ಬೇಕು ಎಂದು ಕೇಳಿದಾಗ ಅವರು ಮೊದಲು ಹೇಳುವ ಕಾರಣ ನೋವಲ್ಲ. ನನ್ನ ಕೆಲಸ ನಾನು ಮಾಡಿಕೊಳ್ಳಲಾಗುತ್ತಿಲ್ಲ, ಖುಷಿ ಕೊಡುತ್ತಿದ್ದ ಯಾವುದೂ ಉಳಿದಿಲ್ಲ, ಮಾನ ಹೋಯಿತು ಎನ್ನುತ್ತಾರೆ. ಮನೆಯವರಿಗೆ ಹೊರೆಯಾಗುತ್ತೇನೆ ಎಂಬುದೂ ಆ ಪಟ್ಟಿಯಲ್ಲಿದೆ.

ಆ ಕೊನೆಯ ಕಾರಣ ಓದಿದಾಗಲೆಲ್ಲ ನನ್ನ ಕೈ ತಡೆಯುತ್ತದೆ.

ಕೆನಡಾ ನೋಡಿ. 2016ರಲ್ಲಿ ಕಾನೂನು ಬಂದಾಗ ಸಾವು ಹತ್ತಿರವಿರುವವರಿಗೆ ಮಾತ್ರ ಎಂದಿದ್ದರು. 2021ರಲ್ಲಿ ಆ ಷರತ್ತು ತೆಗೆದರು. 2023ರಲ್ಲಿ 15,343 ಮಂದಿ ಹೀಗೆ ತೀರಿಕೊಂಡರು. ಆ ದೇಶದ ಒಟ್ಟು ಸಾವಿನಲ್ಲಿ ಶೇ 4.7. ಬರೀ ಮಾನಸಿಕ ಕಾಯಿಲೆ ಇರುವವರಿಗೂ ವಿಸ್ತರಿಸುವುದನ್ನು 2027ರ ಮಾರ್ಚ್‌ವರೆಗೆ ಮುಂದೆ ಹಾಕಿದ್ದಾರೆ. ಬೆಲ್ಜಿಯಂ 2014ರಲ್ಲಿ ವಯಸ್ಸಿನ ಮಿತಿಯನ್ನೇ ತೆಗೆಯಿತು. ಇವೆಲ್ಲ ಜಾರುಬಂಡೆ ಎನ್ನುತ್ತಾರೆ ವಿರೋಧಿಗಳು. ಹಕ್ಕು ಅಂತ ಒಪ್ಪಿದ ಮೇಲೆ ಕೆಲವರಿಗೆ ಮಾತ್ರ ಎನ್ನಲು ಆಗುತ್ತದಾ ಎನ್ನುತ್ತಾರೆ ಪರ ಇರುವವರು. ಇಬ್ಬರೂ ಒಂದೇ ಅಂಕಿ ತೋರಿಸುತ್ತಾರೆ, ತಮಾಷೆ ನೋಡಿ. ಆದರೆ ಆರೆಗಾನ್‌ನಲ್ಲಿ ಆರು ತಿಂಗಳೊಳಗೆ ಸಾಯುವ ಕಾಯಿಲೆ ಇರಬೇಕು ಎಂಬ ಮಿತಿ ಇಂದಿಗೂ ಹಾಗೇ ಇದೆ. ಆದ್ದರಿಂದ ಒಮ್ಮೆ ಕಾಲಿಟ್ಟರೆ ಜಾರಲೇಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜಾರುವುದು ಬಿಡುವುದು ಬಂಡೆಗಿಂತ ಜಾಸ್ತಿ ಊರಿನ ಮೇಲೆ ನಿಂತಿದೆ.

ನಮ್ಮ ಊರು ಹೇಗಿದೆ? ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಂಡ ಒಂದು ಘಟನೆ ಹೇಳುತ್ತೇನೆ. ಆಸ್ಪತ್ರೆಯ ಹೆಸರು ಬೇಡ. ಒಬ್ಬ ರೈತ ವೆಂಟಿಲೇಟರ್‌ನಲ್ಲಿದ್ದರು, ಒಂಬತ್ತನೇ ದಿನ. ಹಸು ಮಾರಿದ ದುಡ್ಡು ಖರ್ಚಾಗಿತ್ತು. ಇಲ್ಲಿ ನಿಲ್ಲಿಸೋಣ, ಕೊನೆಯವರೆಗೆ ನಾವು ನೋಡಿಕೊಳ್ಳುತ್ತೇವೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. 'ಮನೆಗೆ ಕರ್ಕೊಂಡ್ಹೋಗಿ' ಎಂದರು. 'ವೈದ್ಯರ ಸಲಹೆಗೆ ವಿರುದ್ಧವಾಗಿ' ಎಂದು ಅಚ್ಚಾದ ಕಾಗದಕ್ಕೆ ಮಗನಿಂದ ಸಹಿ ಹಾಕಿಸಿಕೊಂಡರು. ಆಂಬ್ಯುಲೆನ್ಸಿನಲ್ಲಿ ಎಪ್ಪತ್ತು ಕಿಲೋಮೀಟರ್ ಆ ಹುಡುಗ ತನ್ನ ಕೈಯಾರೆ ಗಾಳಿಯ ಚೀಲ ಒತ್ತುತ್ತಾ ಕೂತಿದ್ದ. ಮನೆಯ ಜಗುಲಿಯ ಮೇಲೆ ಮಲಗಿಸಿದರು. ಅಜ್ಜಿ ತುಳಸಿ ನೀರು ತಂದರು. ಆಗ ಡ್ರೈವರ್ ಮೆಲ್ಲಗೆ ಹೇಳಿದ, 'ಅಣ್ಣಾ, ಚೀಲ ಕೊಡಿ. ನಾನು ವಾಪಸ್ ಹೋಗಬೇಕು.' ಮಾರ್ಫಿನ್ ಇಲ್ಲ, ಪಕ್ಕದಲ್ಲಿ ಡಾಕ್ಟರಿಲ್ಲ. ನಿಲ್ಲಿಸಿದ ಕೈ ಮಗನದ್ದು. ಅವನು ಆಮೇಲೆ ಬಂದು ನನಗೆ ಹೇಳಿದ್ದಕ್ಕೆ ಇಷ್ಟು ವಿವರ ಗೊತ್ತು.

ದುಡ್ಡು ಮುಗಿದಾಗ ಹೀಗೆ ಸದ್ದಿಲ್ಲದೆ ಕಳಿಸುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ತಮಿಳುನಾಡಿನ ವಿರುದುನಗರದ ಕಡೆ 'ತಲೈಕೂತ್ತಲ್' ಎಂಬ ರೂಢಿಯ ಬಗ್ಗೆ ಕೇಳಿರಬಹುದು. ಹಾಸಿಗೆ ಹಿಡಿದ ಮುದುಕರನ್ನು ಮನೆಯವರೇ ಶಾಸ್ತ್ರದ ಹಾಗೆ ಮುಗಿಸುವುದು. ಅದಕ್ಕೂ ಕರುಣೆ ಎಂದೇ ಹೆಸರು. ಆ ಮುದುಕರನ್ನು ಯಾರೂ ಕೇಳುವುದಿಲ್ಲ, ಕೇಳಿದರೂ ಅವರು 'ಬೇಡ' ಎನ್ನುತ್ತಾರೆಯೇ? ನಮ್ಮ ಮನೆಗಳ ಅಜ್ಜಿಯರನ್ನು ನೆನೆಸಿಕೊಳ್ಳಿ. ಮಗನ ಇಎಂಐ ಗೊತ್ತು, ಸೊಸೆಯ ರಜೆ ಎಷ್ಟು ಉಳಿದಿದೆ ಗೊತ್ತು, ಡೈಪರಿನ ಬೆಲೆ ಗೊತ್ತು. ಅಂಥ ಮನೆಯಲ್ಲಿ ಇಂಜೆಕ್ಷನ್ ಒಂದು ಕಾನೂನುಬದ್ಧ ಆಯ್ಕೆಯಾಗಿ ಮೇಜಿನ ಮೇಲೆ ಇದ್ದರೆ, ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಅವರೇ ಕೇಳುತ್ತಾರೆ. ಅದನ್ನು ಸ್ವಂತ ಆಯ್ಕೆ ಎಂದು ಫಾರಂನಲ್ಲಿ ಬರೆದುಕೊಳ್ಳುತ್ತೇವೆ.

ಅದಕ್ಕೇ ಈಗಿನ ನಮ್ಮ ಸ್ಥಿತಿಯಲ್ಲಿ ಆ ಕಾನೂನು ಬೇಡ ಎನ್ನುವವನು ನಾನು. ಜೀವ ದೇವರು ಕೊಟ್ಟಿದ್ದು, ನಾವು ತೆಗೆಯಬಾರದು ಎಂಬ ಕಾರಣಕ್ಕಲ್ಲ. ಅದನ್ನು ನಂಬುವವರನ್ನು ಗೌರವಿಸುತ್ತೇನೆ, ಆದರೆ ನಂಬದವರ ಮೇಲೆ ಅದನ್ನು ಹೇರಲು ಆಗುವುದಿಲ್ಲ. ನಮ್ಮ ನೆಲವೂ ಈ ವಿಷಯದಲ್ಲಿ ಒಂದೇ ಮಾತು ಹೇಳಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿ ನೋಡಿ. ಸಲ್ಲೇಖನ ಮಾಡಿ, ಅಂದರೆ ಆಹಾರವನ್ನು ಕ್ರಮೇಣ ಬಿಡುವ ಜೈನ ವ್ರತ ಹಿಡಿದು, ದೇಹ ಬಿಟ್ಟವರ ಶಾಸನಗಳು ಬಂಡೆಯ ತುಂಬ ಇವೆ. ನಂದಿಸೇನ ಮುನಿಯ ಶಾಸನ ಸಿರಿ ಸಂಪತ್ತನ್ನು ಕಾಮನಬಿಲ್ಲಿಗೆ, ಮಿಂಚಿಗೆ, ಮಂಜಿಗೆ ಹೋಲಿಸುತ್ತದೆ. ಹಳೆಗನ್ನಡದ ಚೆಂದದ ಪದ್ಯಗಳಲ್ಲಿ ಅದೂ ಒಂದು. ರಾಜಸ್ಥಾನ ಹೈಕೋರ್ಟು 2015ರ ಆಗಸ್ಟ್‌ನಲ್ಲಿ ಸಲ್ಲೇಖನವನ್ನು ಆತ್ಮಹತ್ಯೆ ಎಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಸಲ್ಲೇಖನಕ್ಕೂ ಆಸ್ಪತ್ರೆಯ ಇಂಜೆಕ್ಷನ್ನಿಗೂ ಹೋಲಿಕೆ ಕಮ್ಮಿ. ಅಲ್ಲಿ ಇನ್ನೊಬ್ಬರ ಕೈ ಇಲ್ಲ, ಅವಸರವಿಲ್ಲ, ಮನಸ್ಸು ಬದಲಿಸಲು ದಿನಗಟ್ಟಲೆ ಸಮಯವಿದೆ. ಆದರೂ ಸಾಕು ಎನ್ನುವುದು ಪಾಪ ಎಂದು ನಮ್ಮ ಪರಂಪರೆಯೆಲ್ಲ ಒಂದೇ ದನಿಯಲ್ಲಿ ಹೇಳಿದೆ ಎನ್ನುವವರಿಗೆ ಆ ಬೆಟ್ಟ ತೋರಿಸಬೇಕು.

'ಒಂದು ಸೂಜಿ ಚುಚ್ಚಿ ಕಳಿಸಿಬಿಡಿ ಡಾಕ್ಟ್ರೇ' ಎಂದು ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಒಬ್ಬ ಅಜ್ಜಿಗೆ ಬಾಯಿಯ ಕ್ಯಾನ್ಸರ್. ಮೂರು ವಾರದಿಂದ ನಿದ್ದೆಯಿಲ್ಲ. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್, ಅದರ ಜೊತೆ ಮಲಬದ್ಧತೆಗೆ ಔಷಧಿ, ಗಾಯದ ವಾಸನೆ ಹೋಗಲು ಪುಡಿ ಮಾಡಿದ ಒಂದು ಮಾತ್ರೆ. ಇಷ್ಟೇ ಕೊಟ್ಟಿದ್ದು. ನಾಲ್ಕನೇ ದಿನ ಹೋದಾಗ ಕೇಳಿದ್ದು, 'ಸಂತೆಗೆ ಅವರೆಕಾಯಿ ಬಂತಾ?' ವಾಸನೆ ಹೋದ ಮೇಲೆ ಮೊಮ್ಮಕ್ಕಳು ಮತ್ತೆ ಹತ್ತಿರ ಬಂದು ಕೂರುತ್ತಿದ್ದವು. ಅವರು ಬೇಡಿದ್ದು ಸಾವನ್ನಲ್ಲ, ಆ ರಾತ್ರಿಗಳು ಮುಗಿಯಲಿ ಎಂದು ಬೇಡಿದ್ದರು. ಲಂಡನ್ನಿನಲ್ಲಿ 1967ರಲ್ಲಿ ಕೊನೆ ಹಂತದ ರೋಗಿಗಳನ್ನು ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಡಾ. ಸಿಸಿಲಿ ಸಾಂಡರ್ಸ್ ಇದನ್ನೇ ಹೇಳುತ್ತಿದ್ದರು. ನೋವು ಬರೀ ದೇಹದ್ದಲ್ಲ. ಅದರಲ್ಲಿ ಮನಸ್ಸಿನದ್ದು, ಮನೆಯದ್ದು, ದೇವರ ಜೊತೆಗಿನ ಜಗಳದ್ದು ಎಲ್ಲ ಸೇರಿರುತ್ತದೆ ಎಂದು. ಮಾರ್ಫಿನ್ ಬರುವುದು ಅಫೀಮಿನಿಂದ, ನಮ್ಮ ದೇಶ ಔಷಧಿಗಾಗಿ ಅದನ್ನು ಬೆಳೆಯುತ್ತದೆ. ಆದರೆ 1985ರ ಮಾದಕ ವಸ್ತು ಕಾಯ್ದೆಯ ಭಯದಲ್ಲಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಆಯಿತು, ಭಯ ಇನ್ನೂ ಪೂರ್ತಿ ಹೋಗಿಲ್ಲ. ಕೇರಳದಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು 1993ರಲ್ಲಿ ಕಲ್ಲಿಕೋಟೆಯಲ್ಲಿ ಶುರು ಮಾಡಿದ ಕೆಲಸ ಇವತ್ತು ಊರೂರಿಗೆ ಹಬ್ಬಿದೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಎಲ್ಲ ತಾಲ್ಲೂಕಿನಲ್ಲೂ ಮಾರ್ಫಿನ್ ಸಿಗುವ ಹಾಗಾಗಲಿ, ಆಮೇಲೆ ಇಂಜೆಕ್ಷನ್ ಕಾನೂನಿನ ಚರ್ಚೆಗೆ ನಾನೂ ಬರುತ್ತೇನೆ.

ಇಲ್ಲಿ ನನ್ನ ವಾದದ ತೂತನ್ನೂ ತೋರಿಸಬೇಕು. ಇನ್ನೊಬ್ಬ ರೋಗಿ ಇದ್ದರು, ಐವತ್ತರ ಆಸುಪಾಸಿನ ಎಂಜಿನಿಯರ್. ಮೋಟರ್ ನ್ಯೂರಾನ್ ಕಾಯಿಲೆ. ಕೈ ಹೋಯಿತು, ಕಾಲು ಹೋಯಿತು, ಮಾತು ಹೋಯಿತು. ತಲೆ ಮಾತ್ರ ಚುರುಕು. ದುಡ್ಡಿಗೆ ಕೊರತೆ ಇರಲಿಲ್ಲ, ಹೆಂಡತಿ ರೆಪ್ಪೆಯ ಹಾಗೆ ಕಾಯುತ್ತಿದ್ದರು. ಅಕ್ಷರದ ಹಲಗೆಯ ಮೇಲೆ ಕಣ್ಣಾಡಿಸಿ ಒಂದೊಂದೇ ಅಕ್ಷರ ಕೂಡಿಸಿ ಹೇಳಿದರು, 'ನೋವಿಲ್ಲ. ಹೊರೆಯೂ ಅಲ್ಲ. ಸಾಕು.' ನನ್ನ ಮಾರ್ಫಿನ್‌ಗೂ ವಾದಕ್ಕೂ ಅಲ್ಲಿ ಕೆಲಸವಿರಲಿಲ್ಲ. ವೆಂಟಿಲೇಟರ್ ಬೇಡ ಎನ್ನುವ ಹಕ್ಕು ನಿಮಗಿದೆ, ಉಸಿರಿಗೆ ಕಷ್ಟವಾದಾಗ ಒದ್ದಾಡಲು ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಅದನ್ನು ನಡೆಸಿಯೂ ಕೊಟ್ಟೆ. ಆದರೆ ಅವರು ಕೇಳಿದ್ದು ಅದನ್ನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಲಕ್ಷಾಂತರ ಅಜ್ಜಿಯರನ್ನು ಕಾಯುವ ಗೆರೆ ಅವರಂಥವರ ಮೇಲೆ ಬೀಳುತ್ತದೆ. ಗೆರೆ ಅಲ್ಲೇ ಇರಲಿ ಎಂದೇ ನಾನು ಹೇಳುತ್ತೇನೆ. ಅದರಿಂದ ಯಾರಿಗೂ ನಷ್ಟವಿಲ್ಲ ಎಂದರೆ ಸುಳ್ಳಾಗುತ್ತದೆ.

ಇನ್ನು ಅಮ್ಮನ ವಿಷಯ. ಖಂಡಿತ ಬರೆದಿಡಬಹುದು, ಬರೆದಿಡಿ. ಫ್ರಾನ್ಸಿನಲ್ಲಿ ವಿನ್ಸೆಂಟ್ ಲಾಂಬೆರ್ ಎಂಬ ಯುವಕ 2008ರ ರಸ್ತೆ ಅಪಘಾತದ ಮೇಲೆ ಎಚ್ಚರ ಬಾರದ ಸ್ಥಿತಿಯಲ್ಲೇ ಉಳಿದ. ಟ್ಯೂಬಿನ ಆಹಾರ ನಿಲ್ಲಿಸಿ ಎಂದು ಹೆಂಡತಿ, ಕೂಡದು ಎಂದು ತಂದೆ ತಾಯಿ. ಕೋರ್ಟಿನಿಂದ ಕೋರ್ಟಿಗೆ ಹೋಗಿ, ಅವನು ತೀರಿಕೊಂಡಿದ್ದು 2019ರ ಜುಲೈನಲ್ಲಿ. ಅವನೇ ಒಬ್ಬ ನರ್ಸ್. ಆದರೂ ಏನನ್ನೂ ಬರೆದಿಟ್ಟಿರಲಿಲ್ಲ.

ನಮ್ಮಲ್ಲಿ ಇದನ್ನು ಲಿವಿಂಗ್ ವಿಲ್ ಎನ್ನುತ್ತಾರೆ. 18 ದಾಟಿದ, ಬುದ್ಧಿ ಸ್ವಸ್ಥವಾಗಿರುವ ಯಾರು ಬೇಕಾದರೂ ಬರೆಯಬಹುದು. ಕಾಗದದ ಮೇಲೆ ಇರಬೇಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕಾದ ಕಾಲ 2023ಕ್ಕೆ ಮುಗಿಯಿತು. ತನಗೆ ಮಾತಾಡಲು ಆಗದಿದ್ದಾಗ ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂದು ಹೆಸರು ಹೇಳಬೇಕು. ಒಬ್ಬರಿಗಿಂತ ಜಾಸ್ತಿ ಹೆಸರು ಹಾಕಬಹುದು. ಒಂದು ಪ್ರತಿ ಮನೆ ಡಾಕ್ಟರಿಗೆ ಕೊಡಿ, ಸ್ಥಳೀಯ ಸಂಸ್ಥೆ ಇದಕ್ಕೆ ನೇಮಿಸಿದ ಅಧಿಕಾರಿಗೆ ಒಂದು ಕೊಡಿ. ಬೀರುವಿನ ಲಾಕರಿನಲ್ಲಿ ಮಾತ್ರ ಇಡಬೇಡಿ, ಬೇಕಾದಾಗ ಬೀಗದ ಕೈ ಸಿಗುವುದಿಲ್ಲ. ಅಮ್ಮ ಮನಸ್ಸು ಬದಲಿಸಿದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು, ಹೊಸದು ಬರೆಯಬಹುದು.

ಬರೆಯುವ ಮುಂಚೆ 'ಪೈಪು ಬೇಡ' ಅಂದರೆ ಏನು ಅಂತ ಅಮ್ಮನನ್ನು ಬಿಡಿಸಿ ಕೇಳಿ. ನ್ಯುಮೋನಿಯಾ ಬಂದು ಮೂರು ದಿನ ವೆಂಟಿಲೇಟರ್ ಹಾಕಿದರೆ ಎದ್ದು ಓಡಾಡಬಹುದು ಎಂದಿದ್ದರೂ ಬೇಡವೇ? ಊಟದ ಟ್ಯೂಬೂ ಬೇಡವೇ? ಅನ್ನ ನೀರು ನಿಲ್ಲಿಸುವುದಾ ಎಂದು ಆಮೇಲೆ ಎಲ್ಲರೂ ಬೆಚ್ಚಿಬೀಳುವುದು ಇಲ್ಲೇ. ಕೊನೆಯ ದಿನಗಳಲ್ಲಿ ದೇಹವೇ ಊಟ ಬೇಡ ಎನ್ನುತ್ತದೆ, ತುಟಿ ಒದ್ದೆ ಮಾಡುತ್ತಿದ್ದರೆ ಸಾಕಾಗುತ್ತದೆ ಎಂದು ಅವರಿಗೂ ಹೇಳಿ, ನೀವೂ ತಿಳಿದಿರಿ. ಯಾವ ಸ್ಥಿತಿ ಬಂದರೆ ಸಾಕು ಎನ್ನುತ್ತೀರಿ ಎಂದು ಕೇಳಿ. ಗುರುತು ಸಿಗದಿದ್ದಾಗಲೇ, ಮಾತು ಹೋದಾಗಲೇ? ಇದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಮಾತಲ್ಲ.

ಈ ಮಾತು ನಡೆಯುವಾಗ ತಂಗಿ ಎದುರಿಗಿರಲಿ. ಫೋನಿನಲ್ಲಿ ಅಲ್ಲ, ಊರಿಗೆ ಕರೆಸಿ. ಅಮ್ಮ ಒಪ್ಪಿದರೆ ಕಾಗದದಲ್ಲಿ ನಿಮ್ಮ ಹೆಸರಿನ ಜೊತೆ ಅವರ ಹೆಸರನ್ನೂ ಹಾಕಿಸಿ. ಅಪ್ಪನ ಸಲ ತನ್ನನ್ನು ಯಾರೂ ಕೇಳಲಿಲ್ಲ ಎಂಬ ನೋವು ಅವರ ಬೈಗುಳದೊಳಗೆ ಇದ್ದರೂ ಇರಬಹುದು.

ಹೋದ ವರ್ಷ ನನ್ನ ರೋಗಿಯೊಬ್ಬರು, ನಿವೃತ್ತ ಶಾಲಾ ಶಿಕ್ಷಕಿ, ಇಂಥ ಕಾಗದ ಬರೆಸಿದರು. ವೆಂಟಿಲೇಟರ್ ಬೇಡ, ಡಯಾಲಿಸಿಸ್ ಬೇಡ, ಎದೆ ಒತ್ತಿ ಎಬ್ಬಿಸುವುದು ಬೇಡ ಎಂದೆಲ್ಲ ಹೇಳಿ ಮುಗಿಸಿದರು. ಮಗ ಓದಿ ಹೇಳಿದ. 'ಇನ್ನೊಂದು ಬಿಟ್ಟುಹೋಯ್ತು, ಬರ್ಕೋ' ಎಂದರು. 'ಬಾಯಿಯಲ್ಲಿ ಇಳಿಯುವಷ್ಟು ದಿನ ಎರಡು ಹೊತ್ತು ಕಾಫಿ ಕೊಡಬೇಕು. ಶುಗರ್ ಇದೆ ಅಂತ ಸಕ್ಕರೆ ಕಮ್ಮಿ ಮಾಡಕೂಡದು.' ನೋಟರಿ ಅದನ್ನೂ ಓದಿ, ಮುದ್ರೆ ಒತ್ತಿಕೊಟ್ಟರು.